ಎಡ ಹಿಮ್ಮಡಿಯ ಗೆರೆ

ಹಾಲ್ವರ್ ನಿಲ್ಸನ್‌ನ ಹೆಸರು ನೀವು ಕೇಳಿರಲಿಕ್ಕಿಲ್ಲ. ಅವನ ನೆಲವನ್ನು ಮಾತ್ರ ನೋಡಿರುತ್ತೀರಿ. ಮೂವತ್ತರ ದಶಕದ ನಮ್ಮ ಸ್ಟುಡಿಯೋದ ಯಾವುದಾದರೂ ಹಾಡು-ಕುಣಿತದ ಚಿತ್ರ ನೆನಪಿಸಿಕೊಳ್ಳಿ: ಬಿಳಿ ಮೆಟ್ಟಿಲು, ಅದರ ಬುಡದಲ್ಲಿ ಮೈದಾನದಷ್ಟು ಅಗಲದ ಕಪ್ಪು ನೆಲ, ಅದರ ಮೇಲೆ ಅರವತ್ತು ಹುಡುಗಿಯರು, ಅವರ ಕೆಳಗೆ ತಲೆಕೆಳಗಾಗಿ ಇನ್ನೂ ಅರವತ್ತು ಹುಡುಗಿಯರು. ಊರೆಲ್ಲ ಮೇಲಿನವರನ್ನು ನೋಡಿತು. ಹಾಲ್ವರ್ ನೋಡುತ್ತಿದ್ದದ್ದು ಕೆಳಗಿನವರನ್ನು. ಅವರ ಹಲ್ಲು ಎಣಿಸುವಷ್ಟು ಸ್ಪಷ್ಟವಾಗಿ ಕಂಡರೆ ಆ ದಿನ ಅವನಿಗೆ ಊಟ ಸೇರುತ್ತಿತ್ತು.

ನಾನು ಅದೇ ಸ್ಟುಡಿಯೋದಲ್ಲಿ, ಕ್ಯಾಲಿಫೋರ್ನಿಯಾದ ಕಲ್ವರ್ ಸಿಟಿಯಲ್ಲಿ, ಚಿತ್ರೀಕರಣದ ಏಳನೇ ಸ್ಟೇಜಿನಲ್ಲಿ, ಬರೆಯುವ ಕೆಲಸದವಳು. ಪ್ರತಿ ಟೇಕಿನಲ್ಲೂ ಯಾರ ಟೋಪಿ ಯಾವ ಕಡೆ ವಾಲಿತ್ತು, ಯಾರು ಯಾವ ಕೈಯಲ್ಲಿ ಬೀಸಣಿಗೆ ಹಿಡಿದಿದ್ದರು, ಟೇಕು ಯಾಕೆ ಕೆಟ್ಟಿತು, ಎಲ್ಲ ನನ್ನ ಪುಸ್ತಕಕ್ಕೆ ಸೇರಬೇಕು. ಐಡಾ ಬರೆದದ್ದೇ ಸತ್ಯ ಎಂದು ಎಲ್ಲರೂ ಹೇಳುತ್ತಿದ್ದರು. ನಾನೂ ಹಾಗೇ ನಂಬಿದ್ದೆ. ಆ ಸೊಕ್ಕು ಇಳಿದದ್ದು ಹೇಗೆಂದು ಮುಂದೆ ಹೇಳುತ್ತೇನೆ.

ಹಾಲ್ವರ್ ಬಂದದ್ದು ದೂರದ ಡುಲೂತ್ ಊರಿನಿಂದ. ಅಲ್ಲಿ ಹನ್ನೊಂದು ವರ್ಷ ಜನ ಜಾರಾಡುವ ಮಂಜುಗಡ್ಡೆಯ ಅಂಗಳವನ್ನು ಸಪಾಟು ಮಾಡುವ ಕೆಲಸ ಮಾಡಿದ್ದ. ಹೆಂಡತಿ ಗೆರ್ಡಾಳ ಕೆಮ್ಮಿಗೆ ಬಿಸಿಲೇ ಮದ್ದು ಎಂದು ಡಾಕ್ಟರು ಹೇಳಿದ್ದಕ್ಕೆ ಕ್ಯಾಲಿಫೋರ್ನಿಯಾಕ್ಕೆ ಬಂದ. ಆರಡಿ ಎರಡಂಗುಲದ ಆಸಾಮಿ, ಆದರೆ ನಾನು ಅವನನ್ನು ಪೂರ್ತಿ ನೆಟ್ಟಗೆ ನಿಂತು ನೋಡಿದ್ದು ಕಡಿಮೆ. ಒಂದು ಟಾರ್ಚ್ ಹಿಡಿದು, ಸೊಂಟ ಬಗ್ಗಿಸಿ, ನೆಲದ ಮೇಲೆ ಓರೆಯಾಗಿ ಬೆಳಕು ಬಿಡುತ್ತ ಓಡಾಡುತ್ತಿದ್ದ. ಅವನ ಕೈಕೆಳಗೆ ಎಂಟು ಜನ ಒರೆಸುವವರು. ಟೇಕು ಮುಗಿದ ಕೂಡಲೇ ಎಂಟೂ ಜನ ಸಾಲಾಗಿ ಮೊಣಕಾಲೂರಿ, ಮೆರುಗಿನ ಎಣ್ಣೆ ಹಚ್ಚಿದ ಬಟ್ಟೆಯಿಂದ ಹೆಜ್ಜೆಯ ಗುರುತುಗಳನ್ನೆಲ್ಲ ಒರೆಸಿಕೊಂಡು ಹಿಂದೆ ಸರಿಯಬೇಕು. ಒಂದು ಗೆರೆ ಉಳಿದರೂ ದೀಪ ಹತ್ತಿದಾಗ ಅದು ಹೊಳೆದು ಕ್ಯಾಮೆರಾಕ್ಕೆ ಕಾಣುತ್ತದೆ.

ಗೆರ್ಡಾ ಒಂದು ಸಲ ನನಗೆ ಗುಟ್ಟಿನಲ್ಲಿ ಹೇಳಿದಳು: "ಮನೇಲಿ ಕಾಫಿ ಚೆಲ್ಲಿದ್ರೆ ದಾಟ್ಕೊಂಡು ಹೋಗ್ತಾರೆ ಐಡಾ. ಬಟ್ಟೆ ಕೈಗೆ ಕೊಟ್ರೆ, 'ಇದು ಸ್ಟುಡಿಯೋ ಅಲ್ಲವಲ್ಲ' ಅಂತಾರೆ."

ಸ್ಟೇಜಿನಲ್ಲಿ ಮಾತ್ರ ಕಾನೂನು ಅವನದೇ. ಚಿತ್ರೀಕರಣ ಇಲ್ಲದಾಗ ನೆಲದ ತುಂಬ ರಟ್ಟು ಹಾಸಿರುತ್ತಿತ್ತು. "ರಟ್ಟು ಎತ್ತಿ!" ಎಂದು ಅವನು ಕೂಗಿದ ಮೇಲೆ ಯಾರೇ ಕಾಲಿಡಬೇಕಾದರೂ ಬೂಟಿನ ಮೇಲೆ ಬಟ್ಟೆಯ ಚೀಲ ಕಟ್ಟಿಕೊಳ್ಳಬೇಕು. ದೀಪದವರು, ಬಣ್ಣ ಹಚ್ಚುವವರು, ನಾನು, ಎಲ್ಲರೂ ಬಾಗಿಲ ಹತ್ತಿರದ ಬುಟ್ಟಿಯಿಂದ ಒಂದು ಜೊತೆ ಎತ್ತಿಕೊಂಡು ಕಟ್ಟಿಕೊಳ್ಳುತ್ತಿದ್ದೆವು. ಕಟ್ಟಿಕೊಳ್ಳದವರು ಒಬ್ಬರೇ, ನಮ್ಮ ನಾಯಕ ನಟ ಲ್ಯಾಂಬರ್ಟ್ ವೇಲ್.

"ನನ್ನ ಕಾಲಿಗೆ ವಿಮೆ ಇದೆ ಗೊತ್ತಾ?" ಎಂದು ವೇಲ್ ಒಮ್ಮೆ ಕೇಳಿದ. "ನಿನ್ನ ನೆಲಕ್ಕಿದೆಯಾ?"

"ನಿಮ್ಮ ಕಾಲು ಮುರಿದ್ರೆ ವಿಮೆಯವರು ಬರ್ತಾರೆ ಮಿಸ್ಟರ್ ವೇಲ್," ಎಂದ ಹಾಲ್ವರ್. "ನನ್ನ ನೆಲ ಗೀಚಿದ್ರೆ ನಾನೊಬ್ಬನೇ ಬರಬೇಕು. ಚೀಲ ಕಟ್ಕೊಳ್ಳಿ."

ವೇಲ್ ಕಟ್ಟಿಕೊಳ್ಳಲಿಲ್ಲ.

ಹಾಲ್ವರ್‌ಗೆ ಕುಣಿಯುವವರನ್ನು ಕಂಡರೆ ಆಗುತ್ತಿರಲಿಲ್ಲ. ಹಾಡು-ಕುಣಿತದ ಚಿತ್ರದಲ್ಲಿ ಕೆಲಸ ಮಾಡಿಕೊಂಡು ಕುಣಿಯುವವರನ್ನು ದ್ವೇಷಿಸುವುದೆಂದರೆ ಬೇಕರಿಯಲ್ಲಿದ್ದು ಬ್ರೆಡ್ಡಿನ ಮೇಲೆ ಸಿಟ್ಟಾದ ಹಾಗೆ. ವೇಲ್ ಒಬ್ಬನನ್ನು ಬಿಟ್ಟರೆ ಅವರ ಮುಖ ಅವನು ನೋಡಿದವನೇ ಅಲ್ಲ, ಹೆಸರು ಕೇಳಿದವನಲ್ಲ. ಅವರು ಬಿಟ್ಟುಹೋದ ಗೀರುಗಳಿಂದಲೇ ಗುರುತಿಟ್ಟುಕೊಂಡಿದ್ದ. ಒಬ್ಬಳು 'ಸೂಜಿಮೊನೆ', ಇನ್ನೊಬ್ಬಳು 'ಬಾತುಕೋಳಿ'. ವೇಲ್‌ನ ಬಲಬೂಟಿನ ಲೋಹದ ಪಟ್ಟಿಯಲ್ಲಿ ಎರಡು ಸ್ಕ್ರೂ ಎದ್ದಿದ್ದವು, ಅವು ಪಕ್ಕಪಕ್ಕಕ್ಕೆ ಎರಡು ಗೆರೆ ಎಳೆಯುತ್ತಿದ್ದವು. ಅವನಿಗೆ 'ರೈಲುಹಳಿ' ಎಂದು ಹೆಸರು. ಎಲ್ಲರಿಗಿಂತ ಅವನ ಹೊಟ್ಟೆ ಉರಿಸಿದವಳು 'ಎಡ ಹಿಮ್ಮಡಿ'. ಮೂರನೇ ಸಾಲಿನ ಯಾವಳೋ ಒಬ್ಬಳು ಎಡಗಾಲನ್ನು ಚೂರು ಎಳೆದು ಇಡುತ್ತಿದ್ದಳು. ಪ್ರತಿ ಟೇಕಿಗೂ ಒಂದು ಗೇಣುದ್ದದ ಬಾಗಿದ ಗೆರೆ. ನೃತ್ಯದ ನಿರ್ದೇಶಕ ಕಾಸ್‌ಗ್ರೋವ್ ಹತ್ತಿರ ಹಾಲ್ವರ್ ಎರಡು ಸಲ ದೂರು ಒಯ್ದಿದ್ದ.

"ಆ ಎಡ ಹಿಮ್ಮಡೀನ ತೆಗೆದುಹಾಕಿ ಸಾರ್."

"ಕುಣಿಯೋ ಹುಡುಗೀರನ್ನ ಆರಿಸೋದು ನಾನಾ ನೀನಾ?"

"ನೀವೇ ಸಾರ್. ಒರೆಸೋದು ನಾನು."

ಆ ಎಡ ಹಿಮ್ಮಡಿಯ ಹೆಸರು ಲುರ್ಲೀನ್ ಪ್ರುಯಿಟ್ ಎಂದು ನನಗೆ ಗೊತ್ತಿತ್ತು, ನನ್ನ ಪುಸ್ತಕದಲ್ಲಿ ಅರವತ್ತೂ ಹೆಸರಿದ್ದವು. ಒಕ್ಲಹೋಮಾದ ಹುಡುಗಿ, ಚಿಕ್ಕಂದಿನಲ್ಲಿ ಹೇಸರಗತ್ತೆ ಪಾದ ತುಳಿದು ಎಡಗಾಲು ಸ್ವಲ್ಪ ಬಿಗಿ. ನೋಡುವವರ ಕಣ್ಣಿಗೆ ಅದು ಬೀಳುತ್ತಿರಲಿಲ್ಲ, ಅಷ್ಟು ಕಷ್ಟಪಟ್ಟು ಮುಚ್ಚಿಕೊಂಡಿದ್ದಳು. ಲಾಂಡ್ರಿಯ ಹಿಂದಿನ ಒಂದೇ ಕೋಣೆಯಲ್ಲಿ ಅಮ್ಮ, ಇಬ್ಬರು ತಮ್ಮಂದಿರು, ದುಡಿಯುವವಳು ಇವಳೊಬ್ಬಳೇ.

ಈಗ ಮೂವತ್ತಾರನೇ ಇಸವಿಯ ಏಪ್ರಿಲ್ ತಿಂಗಳ ಆ ಬೆಳಗಿನ ವಿಷಯ. ಅವತ್ತು ಗರಿಯ ನೃತ್ಯ. ಅರವತ್ತು ಹುಡುಗಿಯರ ಕೈಯಲ್ಲಿ ಆಳೆತ್ತರದ ಉಷ್ಟ್ರಪಕ್ಷಿಯ ಗರಿಯ ಬೀಸಣಿಗೆಗಳು. ವೇಲ್ ಮೆಟ್ಟಿಲಿನಿಂದ ಇಳಿದು, ಎರಡನೇ ಮತ್ತು ಮೂರನೇ ಸಾಲಿನ ನಡುವೆ ಹಿಂದುಹಿಂದಕ್ಕೆ ಜಾರುತ್ತ ಹೋಗಬೇಕು, ಅವನ ಮೇಲೆ ಬೀಸಣಿಗೆಗಳು ಮುಚ್ಚಿಕೊಳ್ಳಬೇಕು, ಮತ್ತೆ ತೆರೆದಾಗ ಅವನ ತೋಳಿನಲ್ಲಿ ನಾಯಕಿ ಇರಬೇಕು. ನಾಲ್ಕು ಟೇಕು ಬೇರೆ ಬೇರೆ ಕಾರಣಕ್ಕೆ ಕೆಟ್ಟವು. ಐದನೆಯದರಲ್ಲಿ ಬೀಸಣಿಗೆಗಳು ಚೆಂದವಾಗಿ ಮುಚ್ಚಿಕೊಂಡವು. ಒಳಗೆ ಧೊಪ್ಪನೆ ಏನೋ ಬಿತ್ತು. ಚೆಂದವಾಗಿಯೇ ತೆರೆದುಕೊಂಡವು.

ಲ್ಯಾಂಬರ್ಟ್ ವೇಲ್ ಕಾಲು ಚಾಚಿ ನೆಲದ ಮೇಲೆ ಕೂತಿದ್ದ. ತಲೆ ನೆಲದಷ್ಟೇ ಹೊಳೆಯುತ್ತಿತ್ತು. ಅವನ ಕೂದಲು ಮೂರನೇ ಸಾಲಿನ ಐದನೇ ಹುಡುಗಿಯ ಬೀಸಣಿಗೆಗೆ ಸಿಕ್ಕಿಕೊಂಡು ತೂಗಾಡುತ್ತಿತ್ತು.

ಅದು ಅಂಟಿಸಿದ ಕೂದಲು ಎಂದು ಸ್ಟುಡಿಯೋದಲ್ಲಿ ಎಲ್ಲರಿಗೂ ಗೊತ್ತಿತ್ತು, ಆದರೆ ಯಾರಿಗೂ ಗೊತ್ತಿಲ್ಲದಂತೆ ಇದ್ದೆವು. ಮೇಲೆ ದೀಪ ಹಿಡಿದಿದ್ದವನೊಬ್ಬ ಮೊದಲು ಕಿಸಕ್ಕೆಂದ. ಆಮೇಲೆ ತಡೆಯಲು ಯಾರಿಂದ ಆಗುತ್ತದೆ? ಮುನ್ನೂರು ಜನ ನಕ್ಕರು. ಮುದ್ರಿತ ಸಂಗೀತ ಬೇರೆ ನಿಲ್ಲಿಸುವವರಿಲ್ಲದೆ ಪ್ರೇಮಗೀತೆ ಹಾಡುತ್ತಲೇ ಇತ್ತು.

ವೇಲ್ ಎದ್ದು ಆ ಬೀಸಣಿಗೆ ಹಿಡಿದವಳ ಕಡೆ ಬೆರಳು ತೋರಿಸಿದ. ಅವಳು ಲುರ್ಲೀನ್.

"ಇವಳು! ಎರಡು ಹೆಜ್ಜೆ ಮುಂದೆ ಬಂದು ನನ್ನ ಕಾಲಿಗೆ ಅಡ್ಡ ಹಾಕಿದಳು. ಇವಳು ಹೋಗಬೇಕು, ಇಲ್ಲಾಂದ್ರೆ ನಾನು ಹೋಗ್ತೀನಿ."

"ನಾನು ಜಾಗ ಬಿಟ್ಟಿಲ್ಲ ಮಿಸ್ಟರ್ ಕಾಸ್‌ಗ್ರೋವ್," ಎಂದಳು ಲುರ್ಲೀನ್. ಆ ಕೂದಲನ್ನು ಏನು ಮಾಡಬೇಕೆಂದು ತಿಳಿಯದೆ ಬೀಸಣಿಗೆಯನ್ನು ಹಾಗೇ ಎತ್ತಿ ಹಿಡಿದಿದ್ದಳು, ಅದು ಇನ್ನೂ ಕೆಟ್ಟದಾಗಿ ಕಾಣುತ್ತಿತ್ತು.

ಫಿಲ್ಮು ನೋಡಿದರೆ ತಿಳಿಯುವಂತಿರಲಿಲ್ಲ. ಅದರಲ್ಲಿ ಇದ್ದದ್ದು ಬರೀ ಗರಿ. ಕಾಸ್‌ಗ್ರೋವ್ ನನ್ನ ಕಡೆ ತಿರುಗಿದ. "ಐಡಾ, ಬರ್ಕೊ. ಮೂರನೇ ಸಾಲು, ಐದನೇ ಹುಡುಗಿ, ಜಾಗ ತಪ್ಪಿದಳು. ಪ್ರುಯಿಟ್, ಬಟ್ಟೆ ವಾಪಸ್ ಕೊಟ್ಟು ಹೋಗು."

ನಾನು ಬರೆದೆ. ನಾನು ನೋಡಿರಲಿಲ್ಲ. ಆ ಹೊತ್ತಿನಲ್ಲಿ ನನ್ನ ಕಣ್ಣು ನಾಯಕಿಯ ಕೈಗವಸಿನ ಮೇಲಿತ್ತು. ಆದರೂ ನೋಡಿದವಳ ಹಾಗೆ ಪೆನ್ಸಿಲ್ ಒತ್ತಿ ಬರೆದೆ, ಯಾಕೆಂದರೆ ಹೇಳಿದ್ದನ್ನು ಬರೆಯುವುದು ಸುಲಭ. ತಾರೆಯನ್ನು ಬೀಳಿಸಿದವಳು ಎಂದು ಒಂದು ಸಲ ಬರೆಸಿಕೊಂಡ ಹುಡುಗಿಗೆ ಊರಿನ ಯಾವ ಸ್ಟುಡಿಯೋದಿಂದಲೂ ಮತ್ತೆ ಫೋನು ಬರುವುದಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಈಗಲೂ ನೆನೆದರೆ ನಾಚಿಕೆಯಾಗುತ್ತದೆ.

"ಒರೆಸ್ರೋ!" ಎಂದು ಕಾಸ್‌ಗ್ರೋವ್ ಕೂಗಿದ. ಎಂಟು ಜನ ಬಟ್ಟೆ ಹಿಡಿದು ಮೊಣಕಾಲೂರಿದರು. ಆಗ ಹಾಲ್ವರ್ ಟಾರ್ಚ್ ಎತ್ತಿ ಅವರನ್ನು ತಡೆದ.

"ಒರೆಸಲ್ಲ."

"ಏನಂದೆ?"

"ಒರೆಸಲ್ಲ ಅಂದೆ ಸಾರ್. ಆ ಹುಡುಗಿ ಜಾಗ ಬಿಟ್ಟಿಲ್ಲ. ನೆಲ ನೋಡಿ."

"ಲೇ, ನೀನು ನೆಲ ಒರೆಸೋನು. ಕುಣಿತದ ವಿಷಯ ನಿಂಗೇನಯ್ಯಾ ಗೊತ್ತು?"

"ಕುಣಿತ ಗೊತ್ತಿಲ್ಲ ಸಾರ್. ಕಾಲು ಗೊತ್ತು."

ಹುಟ್ಟಿದಾಗಿನಿಂದ ಗುರುತು ಅಳಿಸುವುದನ್ನೇ ಕಸುಬು ಮಾಡಿಕೊಂಡ ಮನುಷ್ಯ ಎರಡೂ ಕೈ ಅಗಲಿಸಿ, ಒಂದು ಗೀರನ್ನು ಕಾಯುತ್ತ ನಿಂತುಬಿಟ್ಟ. ಕಾಸ್‌ಗ್ರೋವ್ ಬೈದ, ಗೋಗರೆದ, ಬೇರೆಯವರಿಗೆ ಒರೆಸಲು ಹೇಳಿದ. ಎಂಟು ಜನ ಹಾಲ್ವರ್‌ನ ಮುಖ ನೋಡಿಕೊಂಡು ಬಟ್ಟೆ ಮಡಚತೊಡಗಿದರು. ಅರ್ಧ ಗಂಟೆ ಕೆಲಸ ನಿಂತಿತು. ಕೊನೆಗೆ ಸ್ಟುಡಿಯೋದ ಯಜಮಾನ ಪೆರ್ಲೋಫ್ ಅವರೇ ಬಂದರು. ಬಾಯಲ್ಲಿ ಹಚ್ಚದ ಸಿಗಾರ್.

"ಮುನ್ನೂರು ಜನ ಯಾಕೆ ಸುಮ್ನೆ ನಿಂತಿದೀರಿ? ಬೆಂಕಿ ಬಿದ್ದಿದೆಯಾ?"

"ನೆಲ ಒರೆಸೋನು ಒರೆಸಲ್ಲ ಅಂತಿದಾನೆ ಸಾರ್," ಎಂದ ಕಾಸ್‌ಗ್ರೋವ್.

ಪೆರ್ಲೋಫ್ ಹಾಲ್ವರ್ ಕಡೆ ಎರಡು ಹೆಜ್ಜೆ ಇಟ್ಟರು.

"ಚೀಲ," ಎಂದ ಹಾಲ್ವರ್.

 ಪೆರ್ಲೋಫ್ ಸಿಗಾರ್ ಬಾಯಿಂದ ತೆಗೆದು, ತಮ್ಮ ಬೂಟು ನೋಡಿಕೊಂಡು, ಬುಟ್ಟಿಯ ಹತ್ತಿರ ಹೋದರು. ಅದರಲ್ಲಿ ಉಳಿದಿದ್ದದ್ದು ಹುಡುಗಿಯರಿಗೆ ಹೊಲಿಸಿದ ಗುಲಾಬಿ ಬಣ್ಣದವು. ಅವನ್ನೇ ಕಷ್ಟಪಟ್ಟು ಏರಿಸಿಕೊಂಡು ಬಂದರು. ಹಾಲ್ವರ್ ಅವರ ಕೈಗೆ ಟಾರ್ಚ್ ಕೊಟ್ಟು, ಬಗ್ಗಿ ನೋಡಬೇಕೆಂದ. ಬಗ್ಗಿದರೆ ಸಾಲದು, ಮೊಣಕಾಲೂರಬೇಕೆಂದ. ಸಾವಿರಾರು ಜನರಿಗೆ ಅನ್ನ ಕೊಡುವ ಮನುಷ್ಯ ನಾಲ್ಕು ಕಾಲಿನ ಮೇಲೆ ನಿಂತು, ಹಿಂಭಾಗವನ್ನು ನಮ್ಮೆಲ್ಲರ ಕಡೆ ಮಾಡಿ, ಕಪ್ಪು ಹಲಗೆಯ ಮೇಲೆ ಮೂಗು ಇಟ್ಟರು. ನಾನು ಆ ದೃಶ್ಯವನ್ನು ಪುಸ್ತಕದಲ್ಲಿ ಬರೆಯಲಿಲ್ಲ. ಬರೆಯುವ ಅಗತ್ಯ ಇರಲಿಲ್ಲ.

"ಇದ್ಯಾವುದು?"

"ಅದು ಎಡ ಹಿಮ್ಮಡಿ ಸಾರ್. ಆ ಹುಡುಗೀದು." ಹಾಲ್ವರ್ ಲುರ್ಲೀನ್ ಕಡೆಗೆ ಗದ್ದ ಚಾಚಿ ತೋರಿಸಿದ. "ಕಾಲು ಎಳೀತಾಳೆ. ಕೆಟ್ಟ ಅಭ್ಯಾಸ. ಎರಡು ಸಲ ದೂರು ಕೊಟ್ಟಿದೀನಿ, ಯಾರೂ ಕಿವಿಗೆ ಹಾಕ್ಕೊಂಡಿಲ್ಲ."

ಲುರ್ಲೀನ್ ಮುಖ ಕೆಂಪಾಯಿತು. ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಈ ಮನುಷ್ಯ ತನ್ನ ಪರವಾಗಿಯೇ ಮುನ್ನೂರು ಜನರ ಮುಂದೆ ಡಂಗುರ ಹೊಡೆಯುತ್ತಿದ್ದ.

"ಟಾರ್ಚ್ ಓರೆ ಹಿಡೀರಿ ಸಾರ್. ಹಿಂದಿನ ನಾಲ್ಕು ಒರೆಸಿದೀನಿ, ಆದ್ರೂ ನೆರಳು ಉಳಿದಿರತ್ತೆ. ಐದು ಟೇಕು, ಐದು ಗೆರೆ. ಎಲ್ಲಾ ಒಂದೇ ಹಲಗೆ. ಒಂದು ಬೆರಳಗಲ ಆಚೀಚೆ ಇಲ್ಲ. ಈ ಸ್ಟೇಜಿನಲ್ಲಿ ಇಷ್ಟು ಕರಾರುವಾಕ್ಕಾಗಿ ನನ್ನ ನೆಲ ಹಾಳು ಮಾಡಿದವರು ಇನ್ನೊಬ್ಬರಿಲ್ಲ."

"ಮತ್ತೆ ಇಲ್ಲಿ ಎರಡೆರಡು ಗೆರೆ ಪಕ್ಕಪಕ್ಕಕ್ಕೆ ಹೋಗಿದೆಯಲ್ಲ? ನಾಲ್ಕು ಸಲ ಆ ಕಡೆ ಹೋಗಿದೆ, ಐದನೇ ಸಲ ಈ ಕಡೆ ಬಂದು ಹುಡುಗೀರ ಸಾಲಿಗೇ ನುಗ್ಗಿದೆ. ಇದು ಯಾರದು?" ಎಂದರು ಪೆರ್ಲೋಫ್.

 ಮುನ್ನೂರು ಜೊತೆ ಕಣ್ಣು ವೇಲ್‌ನ ಬೂಟಿನ ಕಡೆ ತಿರುಗಿದವು. ವೇಲ್ ತನ್ನ ಕಾಲುಗಳನ್ನು ಮೆಲ್ಲಗೆ ಕುರ್ಚಿಯ ಅಡಿಗೆ ಎಳೆದುಕೊಂಡ.

ಪೆರ್ಲೋಫ್ ಎದ್ದರು. ಪ್ಯಾಂಟಿನ ಮೊಣಕಾಲಿನಲ್ಲಿ ಎರಡು ಎಣ್ಣೆ ಚಂದ್ರ. ಹಾಲ್ವರ್‌ನನ್ನೂ ಪುಸ್ತಕದ ಸಮೇತ ನನ್ನನ್ನೂ ಮೆಟ್ಟಿಲ ಹಿಂದಕ್ಕೆ ಕರೆದರು.

"ನೋಡಯ್ಯಾ," ಎಂದರು, ದನಿ ತಗ್ಗಿಸಿ. "ವೇಲ್ ತಪ್ಪು ಮಾಡಲ್ಲ. ತಪ್ಪು ಮಾಡೋನನ್ನ ನೋಡೋಕೆ ಜನ ಟಿಕೆಟ್ ತಗೊಳ್ಳಲ್ಲ. ಆ ಹುಡುಗಿನೂ ತಪ್ಪು ಮಾಡಿಲ್ಲ, ಅದನ್ನ ನನ್ನ ಕಣ್ಣಿಂದ ನೋಡ್ದೆ. ಹಾಗಾದ್ರೆ ಉಳಿದಿದ್ದು ಯಾವುದು?" ಅವರು ಕೆಳಗೆ ನೋಡಿದರು. "ನೆಲ."

"ನೆಲಕ್ಕೇನಾಗಿದೆ ಸಾರ್?"

"ಜಾರ್ತಿತ್ತು."

"ನನ್ನ ನೆಲ ಜಾರಲ್ಲ ಸಾರ್." ಹಾಲ್ವರ್‌ನ ದನಿ ಏರಲಿಲ್ಲ. "ಹನ್ನೊಂದು ವರ್ಷ ಮಂಜುಗಡ್ಡೆ ನೋಡ್ಕೊಂಡೋನು ನಾನು. ಅಲ್ಲೂ ನನ್ನ ಕೆಲಸದಿಂದ ಯಾರೂ ಬಿದ್ದಿಲ್ಲ."

"ಗೊತ್ತು ಕಣಯ್ಯಾ. ಈ ಊರಲ್ಲಿ ಇಂಥ ನೆಲ ಇನ್ಯಾರ ಹತ್ರನೂ ಇಲ್ಲ ಅಂತಾನೂ ಗೊತ್ತು. ಆದ್ರೆ ಯಾರಾದ್ರೂ ಒಬ್ಬರು ಜಾರಲೇಬೇಕು. ನೆಲ ಜಾರ್ಲಾ, ಹುಡುಗಿ ಜಾರ್ಲಾ? ನೀನೇ ಹೇಳು."

ಹಾಲ್ವರ್ ಸುಮಾರು ಹೊತ್ತು ಟಾರ್ಚಿನ ಗುಂಡಿಯನ್ನು ಒತ್ತುತ್ತ, ಬಿಡುತ್ತ ನಿಂತ. ಅವನ ಬೂಟಿನ ಮೇಲೆ ಬೆಳಕು ಬಂದು ಹೋಗುತ್ತಿತ್ತು. ಆ ಹುಡುಗಿಯ ಹೆಸರೂ ಅವನಿಗೆ ಗೊತ್ತಿಲ್ಲ, ಅವಳನ್ನು ಕಂಡರೆ ಆಗುವುದೂ ಇಲ್ಲ. ಅವನು ಸುಮ್ಮನೆ ಬಟ್ಟೆ ತೆಗೆದುಕೊಂಡು ಒರೆಸಿದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಅವನ ಜಾಗದಲ್ಲಿ ನಾನಿದ್ದರೆ ಒರೆಸುತ್ತಿದ್ದೆ. ಆಗಲೇ ಬರೆದಾಗಿತ್ತಲ್ಲ.

"ಜಾರ್ತಿತ್ತು," ಎಂದ ಹಾಲ್ವರ್, ತನಗೇ ಕೇಳಿಸದಂತೆ.

"ಎಲ್ಲರ ಮುಂದೆ ಹೇಳ್ಬೇಕು ಕಣಯ್ಯಾ. ವೇಲ್‌ಗೆ ಕೇಳಿಸ್ಬೇಕು."

ಅವನು ಮೆಟ್ಟಿಲ ಮುಂದಕ್ಕೆ ಹೋಗಿ, ಆರಡಿ ಎರಡಂಗುಲ ನೆಟ್ಟಗೆ ನಿಂತು, ಮುನ್ನೂರು ಜನರ ಮುಂದೆ ಹೇಳಿದ: "ನೆಲ ಜಾರ್ತಿತ್ತು. ಮಿಸ್ಟರ್ ವೇಲ್ ತಪ್ಪಿಲ್ಲ, ಹುಡುಗೀದೂ ತಪ್ಪಿಲ್ಲ. ನಾನು ಮೆರುಗು ಜಾಸ್ತಿ ಹಾಕಿದೀನಿ."

ಒರೆಸುವ ಎಂಟು ಜನರಲ್ಲಿ ಒಬ್ಬ ಅತ್ತುಬಿಟ್ಟ. ಮೆರುಗು ಹಾಕಿದ್ದು ಅವನು.

ನಾನು ಮೊದಲು ಬರೆದದ್ದನ್ನು ಹೊಡೆದು ಹಾಕಿ, ಅದರ ಮೇಲೆ 'ನೆಲ ಜಾರುತ್ತಿತ್ತು' ಎಂದು ಬರೆದೆ. ಒಂದೇ ಸಾಲಿನಲ್ಲಿ ಎರಡು ಸುಳ್ಳು. ಲುರ್ಲೀನ್ ಮೂರನೇ ಸಾಲಿಗೆ ವಾಪಸು ಹೋದಳು. ಹಾಲ್ವರ್ ಆ ಸಲ ಯಾರನ್ನೂ ಹತ್ತಿರ ಬಿಡದೆ ಇಡೀ ನೆಲವನ್ನು ತಾನೊಬ್ಬನೇ ಒರೆಸಿದ. ಆರನೇ ಟೇಕು ಒಂದೇ ಏಟಿಗೆ ಸರಿಬಂತು. ವೇಲ್‌ನ ಕೂದಲಿಗೆ ಅಂಟು ಹೆಚ್ಚು ಹಾಕಿದ್ದರು.

ಇಷ್ಟಕ್ಕೆ ವೇಲ್ ಸುಮ್ಮನಾಗುವವನೇ? "ಜಾರುವ ನೆಲ ಮಾಡೋ ಮನುಷ್ಯ" ಇರುವ ಸ್ಟೇಜಿಗೆ ತಾನು ಕಾಲಿಡುವುದಿಲ್ಲ ಎಂದ. ಹಾಲ್ವರ್‌ನನ್ನು ಹನ್ನೆರಡನೇ ಸ್ಟೇಜಿಗೆ ಹಾಕಿದರು. ಅಲ್ಲಿ ಇದ್ದದ್ದು ಮರುಭೂಮಿ. ಲಾರಿಗಟ್ಟಲೆ ಮರಳು ಸುರಿದು, ಹಿಂದೆ ನೀಲಿ ಆಕಾಶ ಬರೆದಿದ್ದರು. ಅರಬ್ಬೀ ಶೇಖರು ಒಂಟೆಯ ಮೇಲೆ ಬಂದು ಹಾಡುವ ಚಿತ್ರಗಳೆಲ್ಲ ಅಲ್ಲೇ. ಹಾಲ್ವರ್‌ನ ಕೆಲಸ ಒಂದು ಉದ್ದ ಕೋಲಿನ ಕುಂಟೆ ಹಿಡಿದು, ಹಿಂದುಹಿಂದಕ್ಕೆ ನಡೆಯುತ್ತ, ಮರಳಿನ ಮೇಲಿನ ಹೆಜ್ಜೆಗಳನ್ನು ಅಳಿಸುವುದು.

"ಮರಳಿನಲ್ಲಿ ಒಂದು ಸಮಾಧಾನ ಇದೆ ಐಡಾ," ಎಂದ ನಾನು ನೋಡಲು ಹೋದಾಗ. "ಜಾರ್ತಿತ್ತು ಅಂತ ಯಾರೂ ಹೇಳಲ್ಲ." ಆಮೇಲೆ ಒಂಟೆಯ ಕಡೆ ನೋಡಿ, "ಇದು ವೇಲ್‌ಗಿಂತ ಪರವಾಗಿಲ್ಲ," ಎಂದ. "ಚೀಲ ಕಟ್ಟಿಸ್ಕೊಳ್ಳತ್ತೆ."

ನಾನು ನಗಲೆಂದೇ ಹೇಳಿದ್ದ, ನಕ್ಕೆ. ಹೊರಗೆ ಬಂದ ಮೇಲೆ ನನಗೆ ಬಹಳ ಬೇಸರವಾಯಿತು.

ಲುರ್ಲೀನ್ ಅವನಿಗೆ ಒಂದು ಮಾತು ಹೇಳಬೇಕೆಂದು ಎಷ್ಟೋ ಸಲ ಹೋಗಿದ್ದಳು. ಅವಳು ಬರುವುದು ಕಂಡರೆ ಅವನು ಮರಳಿನ ಗುಡ್ಡದ ಹಿಂದೆ ಹೋಗಿ ಕೂರುತ್ತಿದ್ದ. ಎರಡು ವರ್ಷ ಹೀಗೇ ಕಳೆಯಿತು. ಅಷ್ಟರಲ್ಲಿ ಅವಳು ಮೊದಲನೇ ಸಾಲಿಗೆ ಬಂದಿದ್ದಳು. ಮೂವತ್ತೆಂಟರಲ್ಲಿ ಒಂದು ಶೇಖನ ಚಿತ್ರಕ್ಕೆ ಬರೆಯುವವಳಾಗಿ ನಾನು ಹನ್ನೆರಡನೇ ಸ್ಟೇಜಿಗೆ ಹೋದೆ. ಒಂದು ಮಧ್ಯಾಹ್ನ ಊಟ ಮುಗಿದ ಹೊತ್ತಿಗೆ ಹಾಲ್ವರ್ ಮರಳನ್ನೆಲ್ಲ ಗೆರೆಯಿಲ್ಲದಂತೆ ಕುಂಟೆ ಎಳೆದು ಮುಗಿಸಿದ್ದ. ಪಕ್ಕದ ಸ್ಟೇಜಿನಿಂದ ಲುರ್ಲೀನ್, ತಲೆಯ ಮೇಲೆ ಬೆಳ್ಳಿ ಗರಿ, ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ ಹಿಡಿದು ಬಂದವಳು, ಸುತ್ತು ಹಾಕದೆ ಮರಳಿನ ನಡುವೆಯೇ ನೆಟ್ಟಗೆ ನಡೆದಳು. ಅಡಗಿಕೊಳ್ಳಲು ಅವನಿಗೆ ಹೊತ್ತು ಸಿಗಲಿಲ್ಲ.

"ಕಾಲೆತ್ತಿ ನಡಿಯಮ್ಮಾ!" ಎಂದು ಅವನು ಅರಚಿದ.

"ಎತ್ತಕ್ಕಾಗಲ್ಲ ಮಿಸ್ಟರ್ ನಿಲ್ಸನ್. ಹೇಸರಗತ್ತೆ ತುಳಿದಿದೆ."

ಅವನು ಕುಂಟೆ ಕೆಳಗಿಟ್ಟ. "ಹೇಸರಗತ್ತೆನಾ?"

"ಹೂಂ. ಏಳು ವರ್ಷದವಳಿದ್ದಾಗ."

"ಮೊದಲೇ ಹೇಳಬಾರದಿತ್ತಾ? ಎಷ್ಟು ಬೈಕೊಂಡು ಒರೆಸಿದೀನಿ."

"ನೀವು ಕೇಳ್ಲಿಲ್ಲ. ತಗೊಳ್ಳಿ, ಅಮ್ಮ ಮಾಡಿದ ಪೀಚ್ ಹಣ್ಣಿನ ಪೈ. ನಿಮ್ಮ ನೆಲ ಜಾರ್ತಿರಲಿಲ್ಲ. ಅದನ್ನ ಹೇಳೋಕೆ ಬಂದೆ."

ಹಾಲ್ವರ್ ತಟ್ಟೆ ತೆಗೆದುಕೊಂಡು ಅದರೊಳಗೇ ನೋಡುತ್ತ ನಿಂತ. "ನಿನ್ನ ಹೆಸರೇನು?"

"ಲುರ್ಲೀನ್."

"ಅದೆಂಥ ಹೆಸರು."

"ನೀವಿಟ್ಟಿದ್ದಕ್ಕಿಂತ ವಾಸಿ," ಎಂದು ನಕ್ಕು, ಬಂದ ದಾರಿಯಲ್ಲೇ ವಾಪಸು ಹೋದಳು.

ಗಂಟೆ ಹೊಡೆಯಿತು. ಹಾಲ್ವರ್ ಪೈಯನ್ನು ಗುಡ್ಡದ ಹಿಂದಿಟ್ಟು, ಅವಸರದಲ್ಲಿ ಕುಂಟೆ ತೆಗೆದುಕೊಂಡು ಹೆಜ್ಜೆಗಳನ್ನು ಅಳಿಸುತ್ತ ಬಂದ. ಅವಳ ಬಲಗಾಲಿನ ಹೆಜ್ಜೆ ಹೋಯಿತು, ಅವನ ಬೂಟಿನ ಗುರುತು ಹೋಯಿತು. ಎಡ ಹಿಮ್ಮಡಿ ಎಳೆದಿದ್ದ ಗೆರೆಗಳ ಹತ್ತಿರ ಕುಂಟೆ ನಿಂತಿತು. ಎತ್ತಿ, ಗೆರೆ ದಾಟಿಸಿ ಆ ಕಡೆ ಇಟ್ಟು, ಮುಂದೆ ಎಳೆದ.

"ಮರಳು ಸರಿ ಇದೆಯಾ?" ಎಂದು ನಿರ್ದೇಶಕರು ಕೂಗಿದರು.

"ಸರಿ ಇದೆ ಸಾರ್," ಎಂದ ಹಾಲ್ವರ್.

"ಐಡಾ?"

ಗೆರೆಗಳು ನನಗೆ ಚೆನ್ನಾಗಿ ಕಾಣುತ್ತಿದ್ದವು. "ಸರಿ ಇದೆ," ಎಂದೆ.

ಆ ಚಿತ್ರದಲ್ಲಿ ಶೇಖನು ಒಂಟೆಯ ಮೇಲೆ ಕೂತು, ಮನುಷ್ಯರ ಕಾಲೇ ತಾಕದ ನಾಡು ಇದು ಎಂದು ಮೂರು ನಿಮಿಷ ಹಾಡುತ್ತಾನೆ. ಅವನ ಹಿಂದೆ ಮರಳಿನ ಮೇಲೆ ಸಣ್ಣ ಬಾಗಿದ ಗೆರೆಗಳು ಬಾಗಿಲ ಕಡೆಗೆ ಸಾಲಾಗಿ ಹೋಗಿವೆ. ಒಹಾಯೋದ ಒಬ್ಬ ಭೂಗೋಳದ ಮೇಷ್ಟ್ರು ಸ್ಟುಡಿಯೋಗೆ ಪತ್ರ ಬರೆದರು: ಇದು ಯಾವ ಜಾತಿಯ ಹಾವಿನ ಜಾಡು, ಮಕ್ಕಳು ಕೇಳುತ್ತಿದ್ದಾರೆ, ದಯವಿಟ್ಟು ತಿಳಿಸಿ. ಉತ್ತರ ಬರೆಯುವ ಕೆಲಸ ನನ್ನ ಮೇಜಿಗೆ ಬಂತು. ಯಾರೂ ಪಕ್ಕದಲ್ಲಿ ನಿಂತು ಹೇಳಿಕೊಡಲಿಲ್ಲ. ಅದು ಹಾವಿನದಲ್ಲ ಸಾರ್, ಲುರ್ಲೀನ್ ಪ್ರುಯಿಟ್ ಎಂಬ ಹುಡುಗಿಯ ಎಡ ಹಿಮ್ಮಡಿಯದು, ನಾನೇ ಕಣ್ಣಾರೆ ನೋಡಿದ್ದೇನೆ ಎಂದು ಬರೆದು, ಕೆಳಗೆ ನನ್ನ ಹೆಸರು ಹಾಕಿದೆ.